ಬಭ್ರುವಾಹನೋಪಾಖ್ಯಾನ: ಪಿತೃಪಕ್ಷದ ನಿಮಿತ್ತ ಒಂದು ಚಿಂತನೆ



ಶ್ರೀಹರಿವಾಯುಗುರುಗಳ ಪರಮಾನುಗ್ರಹದಿಂದ ಭಾದ್ರಪದ ಬಹುಳದ ಪಿತೃಪಕ್ಷವು ಮತ್ತೊಮ್ಮೆ ಸನ್ನಿಹಿತವಾಗಿದೆ. ಅನಂತನ ವ್ರತ ಮುಗಿದು ಹುಣ್ಣಿಮೆ ಕಳೆಯಿತೆಂದರೆ ನಮ್ಮ ಮನೆಗಳಲ್ಲಿ ದರ್ಭೆ, ಎಳ್ಳು, ತರ್ಪಣದ ಪಾತ್ರೆಗಳು ಹೊರಬರುತ್ತವೆ. ವಸುರೂಪನಾದ ತಂದೆ, ರುದ್ರರೂಪನಾದ ಅಜ್ಜ, ಆದಿತ್ಯರೂಪನಾದ ಮುತ್ತಜ್ಜ ಎಂದು ಸ್ಮರಿಸಿ, ಅವರಲ್ಲಿ ಕ್ರಮವಾಗಿ ಪ್ರದ್ಯುಮ್ನ, ಸಂಕರ್ಷಣ, ವಾಸುದೇವ ರೂಪಗಳಿಂದ ಅಂತರ್ಯಾಮಿಯಾಗಿರುವ ಭಗವಂತನಿಗೆ ನಾವು ತಿಲೋದಕವನ್ನು ಸಮರ್ಪಿಸುತ್ತೇವೆ. ಮೂರು ತಲೆಮಾರುಗಳನ್ನು ಒಂದೇ ಆಸನದಲ್ಲಿ ಕುಳಿತು ನೆನೆಯುವ ಕರ್ಮವಿದು. ಇಷ್ಟು ಸ್ಪಷ್ಟವಾಗಿ ಹೆಸರು, ಗೋತ್ರಗಳನ್ನು ಉಚ್ಚರಿಸುವ ಸಂದರ್ಭ ಗೃಹಸ್ಥನಿಗೆ ಬೇರೊಂದು ದೊರೆಯುವುದು ದುರ್ಲಭ.

ಆದರೆ ಹೆಸರು ಹೇಳುವ ಹೊತ್ತಿನಲ್ಲಿ ಕೆಲವು ಮನೆಗಳಲ್ಲಿ ನಾಲಿಗೆ ತಡವರಿಸುವುದುಂಟು. ತಂದೆಯೊಡನೆ ಎಷ್ಟೋ ವರ್ಷ ಮಾತು ಬಿಟ್ಟಿದ್ದ ಮಗ, ಆತನು ಗತಿಸಿದ ಮೇಲೆ ಎಳ್ಳುನೀರು ಬಿಡುತ್ತಾನೆ. ಮನೆಬಿಟ್ಟು ಹೋದ ಚಿಕ್ಕಪ್ಪನೊಬ್ಬನ ಹೆಸರನ್ನು ಹೇಳಬೇಕೋ ಬೇಡವೋ ಎಂದು ಹಿರಿಯರು ಮುಖ ನೋಡಿಕೊಳ್ಳುತ್ತಾರೆ. ತಂದೆಗೆ ಮೊದಲೊಂದು ಸಂಸಾರವಿತ್ತೆಂಬುದು ಮಕ್ಕಳಿಗೆ ಆ ದಿನವೇ ಪುರೋಹಿತರ ಬಾಯಿಂದ ತಿಳಿದುಬರುತ್ತದೆ. ಮನೆಯ ಗುಟ್ಟುಗಳಿಗೂ ಪಿತೃಕರ್ಮಕ್ಕೂ ಇರುವ ಈ ಸಂಬಂಧ ಇಂದಿನದಲ್ಲ, ಮಹಾಭಾರತದಷ್ಟು ಹಳೆಯದು. ಆದುದರಿಂದ ಈ ಬಾರಿಯ ಚಿಂತನೆಗೆ ಆಶ್ವಮೇಧಿಕಪರ್ವದಲ್ಲಿ ಬರುವ ಬಭ್ರುವಾಹನನ ಉಪಾಖ್ಯಾನವನ್ನು ಆಯ್ದುಕೊಂಡಿದ್ದೇವೆ.

ಈ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಕವಿಯ ಜೈಮಿನಿ ಭಾರತವನ್ನು ನಮ್ಮ ಹಿರಿಯರು ಮನೆಯ ಜಗಲಿಯಲ್ಲಿ ಕುಳಿತು ವಾಚಿಸುತ್ತಿದ್ದರು. ಕರಾವಳಿಯ ಯಕ್ಷಗಾನ ರಂಗದಲ್ಲಿ ಬಭ್ರುವಾಹನನ ಕಾಳಗವು ಜನಪ್ರಿಯ ಪ್ರಸಂಗ. ೧೯೭೭ರಲ್ಲಿ ತೆರೆಗೆ ಬಂದ ಚಲನಚಿತ್ರದಲ್ಲಿ ತಂದೆಯ ಪಾತ್ರವನ್ನೂ ಮಗನ ಪಾತ್ರವನ್ನೂ ಡಾ. ರಾಜಕುಮಾರರೇ ವಹಿಸಿದ್ದುದನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿಯೇ ಇರುವರು. ಆದರೆ ಯುದ್ಧದ ಅಬ್ಬರದಲ್ಲಿ ಮರೆತುಹೋಗುವ ಸೂಕ್ಷ್ಮಗಳು ಮೂಲಭಾರತದಲ್ಲಿವೆ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಭಾರತಕ್ಕೆ ಆಸ್ತೀಕಾದಿ, ಮನ್ವಾದಿ, ಔಪರಿಚರವೆಂಬ ಮೂರು ಬಗೆಯ ಅರ್ಥಗಳಿವೆಯೆಂದು ನಿರೂಪಿಸಿದ್ದಾರೆ. ಕಥೆಯ ಅರ್ಥ ಒಂದು, ಧರ್ಮಾದಿಗಳ ಅರ್ಥ ಮತ್ತೊಂದು, ಸಕಲ ಶಬ್ದಗಳೂ ಭಗವಂತನನ್ನೇ ಹೇಳುವ ಅರ್ಥ ಇನ್ನೊಂದು. ಇಲ್ಲಿ ನಾವು ಮುಖ್ಯವಾಗಿ ಎರಡನೆಯದನ್ನು ಹಿಡಿದು ನಡೆಯುತ್ತೇವೆ.

ಎರಡು ಕುಲ, ಎರಡು ಆಚಾರ

ದ್ರೌಪದಿಯ ವಿಷಯದಲ್ಲಿ ಸಹೋದರರು ಮಾಡಿಕೊಂಡಿದ್ದ ನಿಯಮವನ್ನು, ಬ್ರಾಹ್ಮಣನ ಗೋವುಗಳನ್ನು ರಕ್ಷಿಸುವ ಸಲುವಾಗಿ ಮೀರಬೇಕಾಗಿ ಬಂದ ಅರ್ಜುನನು ತೀರ್ಥಯಾತ್ರೆಗೆ ಹೊರಟನು. ಗಂಗಾದ್ವಾರದಲ್ಲಿ ನಾಗಕನ್ಯೆಯಾದ ಉಲೂಪಿಯ ಸಂಬಂಧವಾಯಿತು. ಮುಂದೆ ಕಳಿಂಗವನ್ನು ದಾಟಿ, ಮಹೇಂದ್ರಪರ್ವತವನ್ನು ಕಂಡು, ಸಮುದ್ರತೀರದ ಹಾದಿಯಾಗಿ ಮಣಿಪುರಕ್ಕೆ ಬಂದನು. ಅಲ್ಲಿಯ ರಾಜ ಚಿತ್ರವಾಹನನ ಮಗಳು ಚಿತ್ರಾಂಗದೆ. ಆ ವಂಶದಲ್ಲಿ ತಲೆಮಾರಿಗೆ ಒಂದೇ ಸಂತಾನವೆಂಬುದು ರುದ್ರದೇವರಿಂದ ಪೂರ್ವಿಕನೊಬ್ಬನಿಗೆ ದೊರೆತ ವರ. ಹಿಂದಿನವರೆಲ್ಲರಿಗೂ ಗಂಡುಮಕ್ಕಳಾಗಿದ್ದರೆ ಚಿತ್ರವಾಹನನಿಗೆ ಮಾತ್ರ ಹೆಣ್ಣುಮಗುವಾಯಿತು. ಆತನು ಅವಳನ್ನೇ ಪುತ್ರಸ್ಥಾನದಲ್ಲಿಟ್ಟು ಪುತ್ರಿಕೆಯೆಂದು ಭಾವಿಸಿದ್ದನು. ಅವಳಲ್ಲಿ ಹುಟ್ಟುವ ಮಗನು ತನ್ನ ಕುಲಕ್ಕೆ ಸೇರಬೇಕು, ಅದೇ ಕನ್ಯಾಶುಲ್ಕ ಎಂದು ನಿಬಂಧನೆ ಹಾಕಿದನು. ಅರ್ಜುನನು ಒಪ್ಪಿದನು, ಮೂರು ವರ್ಷ ಅಲ್ಲಿ ನಿಂತನು.

ಈ ಒಪ್ಪಂದವನ್ನು ಗಮನಿಸಬೇಕು. ಹಸ್ತಿನಾವತಿಯ ರೂಢಿಯಲ್ಲಿ ಮಗನು ತಂದೆಯ ಕುಲದವನು. ಮಣಿಪುರದ ಒಪ್ಪಂದದಲ್ಲಿ ಅವನು ತಾಯಿಯ ತಂದೆಯ ಕುಲದವನು. ಶ್ರೀಮದಾಚಾರ್ಯರು ಅವತರಿಸಿದ ತುಳುನಾಡಿನಲ್ಲಿಯೇ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ನಡೆದುಬಂದಿತ್ತು. ೧೯೪೯ರಲ್ಲಿ ಮದರಾಸು ಸರಕಾರವು ಅದಕ್ಕೆಂದೇ ಒಂದು ಕಾಯಿದೆಯನ್ನೂ ಮಾಡಿತ್ತು. ಪುತ್ರಿಕಾಧರ್ಮವೂ ಅಳಿಯಸಂತಾನವೂ ಒಂದೇ ಅಲ್ಲ. ಒಂದರಲ್ಲಿ ಮಗಳ ಮಗ, ಇನ್ನೊಂದರಲ್ಲಿ ಸೋದರಿಯ ಸಂತಾನ. ಆದರೂ ತಂದೆಯ ಮನೆ ಬೇರೆ, ಮಗನ ಮನೆ ಬೇರೆ ಎಂಬ ವ್ಯವಸ್ಥೆ ನಮ್ಮ ನಾಡಿಗೆ ಅಪರಿಚಿತವಲ್ಲವೆಂಬುದಕ್ಕೆ ಇದು ದೃಷ್ಟಾಂತ. ಹೀಗೆ ಬಭ್ರುವಾಹನನು ತಂದೆಯ ಮಡಿಲಿನಿಂದ ದೂರವಾಗಿ ಬೆಳೆದುದು ಯಾರ ತಪ್ಪಿನಿಂದಲೂ ಅಲ್ಲ, ಹಿರಿಯರಿಬ್ಬರು ಧರ್ಮಪೂರ್ವಕವಾಗಿ ಆಡಿದ ಮಾತಿನಿಂದ. ಆದರೆ ಹಿರಿಯರು ಆಡಿದ ಮಾತಿನ ಭಾರವನ್ನು ಹೊರುವವನು ಮಗುವೇ ಆಗುತ್ತಾನೆ.

ಮಣಿಪುರದ ಗಡಿಯಲ್ಲಿ

ಕುರುಕ್ಷೇತ್ರದ ಯುದ್ಧ ಮುಗಿಯಿತು. ಧರ್ಮರಾಜನ ಅಶ್ವಮೇಧದ ಕುದುರೆಯ ಬೆನ್ನುಕಾವಲಿಗೆ ಅರ್ಜುನನು ಹೊರಟನು. ಹೊರಡುವಾಗ ಅಣ್ಣನು, ಆದಷ್ಟು ಮಟ್ಟಿಗೆ ಕಲಹವಾಗದಂತೆ ನೋಡಿಕೊ, ರಾಜರನ್ನು ಯಜ್ಞಕ್ಕೆ ಕರೆ ಎಂದು ಆದೇಶಿಸಿದ್ದನು. ಸಿಂಧುದೇಶದಲ್ಲಿ ಯುದ್ಧ ನಡೆಯುತ್ತಿದ್ದಾಗ ದುಶ್ಶಲೆಯು ತನ್ನ ಮೊಮ್ಮಗನನ್ನು ಎತ್ತಿಕೊಂಡು ಎದುರಿಗೆ ಬಂದಳು. ಆ ಮಗು ಜಯದ್ರಥನ ಮೊಮ್ಮಗ. ಅಭಿಮನ್ಯುವಿನ ಮರಣಕ್ಕೆ ಕಾರಣನಾದವನ ಕುಡಿ. ಆದರೂ ಅರ್ಜುನನು ಬಿಲ್ಲನ್ನು ಕೆಳಗಿಟ್ಟನು, ತಂಗಿಯನ್ನು ಸಂತೈಸಿ ಕಳುಹಿದನು. ಅಲ್ಲಿಂದ ಕುದುರೆಯು ಮಣಿಪುರವನ್ನು ಹೊಕ್ಕಿತು.

ತಂದೆ ಬಂದನೆಂಬ ವಾರ್ತೆ ಕೇಳಿ ಬಭ್ರುವಾಹನನು ಬ್ರಾಹ್ಮಣರನ್ನೂ ಕಾಣಿಕೆಯ ಧನವನ್ನೂ ಮುಂದಿಟ್ಟುಕೊಂಡು ವಿನಯದಿಂದ ಎದುರುಗೊಂಡನು. ಇದಕ್ಕಿಂತ ಉತ್ತಮವಾದ ನಡೆಯನ್ನು ಯಾವ ತಂದೆ ಬಯಸಿಯಾನು? ಆದರೆ ಅರ್ಜುನನಿಗೆ ಅದು ಮೆಚ್ಚಿಕೆಯಾಗಲಿಲ್ಲ. ಶಸ್ತ್ರ ಹಿಡಿದು ಕುದುರೆಯ ರಕ್ಷಣೆಗೆ ಬಂದಿರುವವನನ್ನು ಯುದ್ಧದಿಂದ ಎದುರಿಸದೆ ಹೆಂಗಸಿನಂತೆ ಸಾಮದಿಂದ ಸ್ವಾಗತಿಸುವೆಯಲ್ಲ, ನೀನು ಕ್ಷತ್ರಿಯಧರ್ಮದಿಂದ ಹೊರಗಾದವನು ಎಂದು ಮೂದಲಿಸಿದನು. ಲಕ್ಷ್ಮೀಶನ ಕಾವ್ಯದಲ್ಲಂತೂ ಮಾತು ಇನ್ನೂ ಕಠೋರವಾಗುತ್ತದೆ; ಮಗನ ಜನ್ಮಕ್ಕೇ ಕಳಂಕ ಹಚ್ಚುವ ನುಡಿ ತಂದೆಯ ಬಾಯಿಂದ ಹೊರಡುತ್ತದೆ.

ಸಜ್ಜನರೆ, ಈ ಎರಡು ಪ್ರಸಂಗಗಳನ್ನು ಭಗವಾನ್ ವೇದವ್ಯಾಸರು ಒಂದರ ಹಿಂದೆ ಒಂದನ್ನು ಇಟ್ಟಿರುವುದನ್ನು ಗಮನಿಸಿರಿ. ವೈರಿಯ ಮೊಮ್ಮಗನನ್ನು ಕಂಡು ಕರಗಿದ ಹೃದಯ, ತನ್ನ ಮಗನನ್ನು ಕಂಡು ಕಲ್ಲಾಯಿತು. ಹಾಗಾದರೆ ಅರ್ಜುನನಿಗೆ ಎಷ್ಟು ಮಂದಿ ಮಕ್ಕಳು ಉಳಿದಿದ್ದರು? ಉಲೂಪಿಯ ಮಗ ಇರಾವಂತನು ಯುದ್ಧದ ಎಂಟನೆಯ ದಿನ ಅಳಿದನು. ಸುಭದ್ರೆಯ ಮಗ ಅಭಿಮನ್ಯು ಪದ್ಮವ್ಯೂಹದಲ್ಲಿ ಬಿದ್ದನು. ದ್ರೌಪದಿಯ ಮಗನು ಅಶ್ವತ್ಥಾಮನ ಇರುಳಿನ ಹತ್ಯೆಗೆ ಬಲಿಯಾದನು. ವ್ಯಾಸಭಾರತದ ಪ್ರಕಾರ ಬದುಕಿ ಉಳಿದವನು ಇವನೊಬ್ಬನೇ. ಉಳಿದ ಒಬ್ಬ ಮಗನನ್ನೇ ತಂದೆಯು ನೀನು ನನ್ನ ಮಗನಂತೆ ಇಲ್ಲವೆಂದು ಹಳಿದನು.

ಈ ರೀತಿ ನಮ್ಮಲ್ಲಿ ಇಲ್ಲವೆ? ಹೊರಗಿನವರ ಮಕ್ಕಳು ಬಂದರೆ ಬಾಯ್ತುಂಬ ಮಾತನಾಡಿಸುತ್ತೇವೆ. ಅವರ ಉಡುಪು, ಊಟ, ಮಾತು ಹೇಗಿದ್ದರೂ ಕಾಲಧರ್ಮವೆಂದು ಸಹಿಸುತ್ತೇವೆ. ಸ್ವಂತ ಮಗನು ಅಷ್ಟೇ ದೂರ ಸರಿದಿದ್ದರೆ ಅದು ಕ್ಷಮಿಸಲಾಗದ ಅಪರಾಧವಾಗುತ್ತದೆ. ಮಗನಲ್ಲಿ ನಾವು ನಮ್ಮದೇ ಪ್ರತಿಬಿಂಬವನ್ನು ಹುಡುಕುತ್ತೇವೆ; ಅಲ್ಲಿ ಬೇರೊಂದು ಮುಖ ಕಂಡಾಗ ಕೋಪ ಬರುತ್ತದೆ. ಅರ್ಜುನನು ಮಗನಲ್ಲಿ ಹಸ್ತಿನಾವತಿಯ ಕ್ಷತ್ರಿಯನನ್ನು ಹುಡುಕಿದನು. ಎದುರಿಗೆ ನಿಂತವನು ಮಣಿಪುರದ ವಿನೀತನಾದ ಅರಸು.

ಉಲೂಪಿಯ ಮಾತು

ತಲೆ ತಗ್ಗಿಸಿ ನಿಂತಿದ್ದ ಬಭ್ರುವಾಹನನ ಮುಂದೆ ಭೂಮಿಯನ್ನು ಭೇದಿಸಿಕೊಂಡು ಉಲೂಪಿಯು ಕಾಣಿಸಿಕೊಂಡಳು. ತಾನು ಅವನಿಗೆ ತಾಯಿಯ ಸ್ಥಾನದವಳೆಂದು ಹೇಳಿ, ತಂದೆಯೊಡನೆ ಯುದ್ಧಮಾಡು, ಅದರಿಂದ ಆತನು ಪ್ರೀತನಾಗುವನು, ನಿನಗೂ ಧರ್ಮ ಎಂದು ಪ್ರೇರೇಪಿಸಿದಳು. ಕಾರಣವನ್ನು ಮಾತ್ರ ಹೇಳಲಿಲ್ಲ. ಮಗನು ಕುದುರೆಯನ್ನು ಹಿಡಿದನು. ಘೋರವಾದ ಕಾಳಗವಾಯಿತು. ಮೊದಲ ಪೆಟ್ಟಿಗೆ ಬಿಲ್ಲನ್ನೂರಿ ನಿಂತು ಚೇತರಿಸಿಕೊಂಡ ಅರ್ಜುನನು ಮಗನ ಪರಾಕ್ರಮವನ್ನು ಮುಕ್ತಕಂಠದಿಂದ ಹೊಗಳಿದನು. ವಿನಯದಿಂದ ಬಂದಾಗ ದೊರೆಯದ ಮೆಚ್ಚುಗೆ ಬಾಣ ಬಿಟ್ಟಾಗ ದೊರೆಯಿತು! ಕೊನೆಗೆ ಮಗನ ಬಾಣ ತಂದೆಯ ಎದೆಯನ್ನು ಹೊಕ್ಕಿತು, ಅರ್ಜುನನು ನೆಲಕ್ಕುರುಳಿದನು. ಅದನ್ನು ಕಂಡು ಮಗನೂ ಮೂರ್ಛಿತನಾಗಿ ಬಿದ್ದನು.

ಚಿತ್ರಾಂಗದೆ ಓಡಿಬಂದಳು. ಬಿದ್ದಿರುವ ಪತಿಯನ್ನು ನೋಡಿ, ನಿನ್ನ ಪ್ರೇರಣೆಯಿಂದಲೇ ಹೀಗಾಯಿತೆಂದು ಉಲೂಪಿಯನ್ನು ದೂರಿ, ಆತನು ಬದುಕದಿದ್ದರೆ ಅನ್ನನೀರು ಬಿಟ್ಟು ದೇಹತ್ಯಾಗ ಮಾಡುವೆನೆಂದು ಕುಳಿತಳು. ಎಚ್ಚೆತ್ತ ಬಭ್ರುವಾಹನನೂ ಪಿತೃಹತ್ಯೆಗೆ ಪ್ರಾಯಶ್ಚಿತ್ತವೆಲ್ಲಿದೆಯೆಂದು ಪ್ರಲಾಪಿಸಿ ಪ್ರಾಯೋಪವೇಶಕ್ಕೆ ಸಿದ್ಧನಾದನು. ಆಗ ಉಲೂಪಿಯು ನಾಗಲೋಕದ ಸಂಜೀವನಮಣಿಯನ್ನು ಸ್ಮರಿಸಿ ತರಿಸಿ, ಮಗನ ಕೈಗೆ ಕೊಟ್ಟು, ತಂದೆಯ ಎದೆಯ ಮೇಲಿಡೆಂದಳು. ಬಾಣ ಬಿಟ್ಟ ಕೈಯೇ ಮಣಿಯನ್ನಿಟ್ಟಿತು. ನಿದ್ರೆಯಿಂದೆದ್ದವನಂತೆ ಅರ್ಜುನನು ಕಣ್ಣುತೆರೆದನು. ಮಗನನ್ನು ಆಲಿಂಗಿಸಿ ಅವನ ನೆತ್ತಿಯನ್ನು ಆಘ್ರಾಣಿಸಿದನು. ರಣಭೂಮಿಯಲ್ಲಿ ಈ ಹೆಂಗಸರೇಕೆ, ಎಲ್ಲರ ಮುಖದಲ್ಲೂ ಶೋಕ, ಹರ್ಷ, ಅಚ್ಚರಿ ಏಕೆ ಎಂದು ಕೇಳಿದನು.

ಆಗ ಹೊರಬಿತ್ತು ಗುಟ್ಟು. ಶಿಖಂಡಿಯನ್ನು ಮುಂದಿಟ್ಟುಕೊಂಡು, ತನ್ನೊಡನೆ ಯುದ್ಧಮಾಡದೆ ನಿಂತಿದ್ದ ಭೀಷ್ಮರನ್ನು ಅರ್ಜುನನು ಕೆಡವಿದ್ದನು. ಭೀಷ್ಮರು ವಸುಗಳಲ್ಲಿ ಒಬ್ಬರು. ಉಳಿದ ವಸುಗಳು ಗಂಗಾತೀರಕ್ಕೆ ಬಂದು, ಗಂಗೆಯ ಸಮ್ಮತಿಯಿಂದ ಅರ್ಜುನನಿಗೆ ಶಾಪವಿತ್ತರು. ಅದನ್ನು ಕೇಳಿಸಿಕೊಂಡ ಉಲೂಪಿ ತನ್ನ ತಂದೆಗೆ ತಿಳಿಸಿದಳು. ನಾಗರಾಜನು ವಸುಗಳನ್ನು ಮತ್ತೆ ಮತ್ತೆ ಬೇಡಿಕೊಂಡನು. ಮಣಿಪುರದ ಅರಸನಾದ ಮಗನೇ ರಣದಲ್ಲಿ ಆತನನ್ನು ಕೆಡವಿದರೆ ಶಾಪ ವಿಮೋಚನೆ ಎಂದು ಅವರು ಅನುಗ್ರಹಿಸಿದರು. ಹೀಗಾಗದೆ ಅರ್ಜುನನು ಕಾಲವಾಗಿದ್ದರೆ ನರಕವು ತಪ್ಪುತ್ತಿರಲಿಲ್ಲವೆಂದು ಉಲೂಪಿಯು ವಿವರಿಸಿದಳು. ಅರ್ಜುನನು ಕೋಪಿಸಿಕೊಳ್ಳಲಿಲ್ಲ, ನೀನು ಮಾಡಿದ್ದೆಲ್ಲ ನನಗೆ ಪ್ರಿಯವೇ ಆಯಿತೆಂದು ಸಂತೋಷಪಟ್ಟನು.

ಅಜ್ಜನ ಋಣ, ಮೊಮ್ಮಗನ ಬಾಣ

ಇಲ್ಲಿರುವ ಮರ್ಮವನ್ನು ಸ್ವಲ್ಪ ಬಿಡಿಸಿ ನೋಡೋಣ. ತಂದೆ ಮತ್ತು ಮಗನ ನಡುವೆ ನಡೆದ ಯುದ್ಧದ ನಿಜವಾದ ಕಾರಣ ಅವರಿಬ್ಬರಲ್ಲಿ ಇರಲೇ ಇಲ್ಲ. ಕುದುರೆಯೂ ಕಾರಣವಲ್ಲ, ಮೂದಲಿಕೆಯೂ ಮೂಲ ಕಾರಣವಲ್ಲ. ಅರ್ಜುನನಿಗೂ ಅವನ ಅಜ್ಜನಿಗೂ ನಡುವೆ ತೀರದೆ ಉಳಿದಿದ್ದ ಲೆಕ್ಕವೊಂದು ಮಗನ ಕೈಯಿಂದ ತೀರಿತು. ಮಗನಿಗೆ ಅದು ತಿಳಿದಿರಲಿಲ್ಲ, ತಂದೆಗೂ ತಿಳಿದಿರಲಿಲ್ಲ. ಪಿತೃಕರ್ಮದಲ್ಲಿ ತಂದೆಯನ್ನು ವಸುರೂಪನೆಂದು ನಾವು ಚಿಂತಿಸುವುದನ್ನು ಇಲ್ಲಿ ಸ್ಮರಿಸಿಕೊಂಡರೆ, ವಸುಗಳ ಶಾಪದ ಈ ಕಥೆ ಇನ್ನೂ ಆಳವಾಗಿ ಮನಸ್ಸಿಗೆ ನಾಟುತ್ತದೆ.

ತಂದೆಯಾದ ಪ್ರತಿಯೊಬ್ಬನೂ ಮೊದಲು ಮಗನಾಗಿದ್ದವನೇ. ಮಗನ ಮೇಲೆ ಹರಿಹಾಯುವ ಕೋಪದಲ್ಲಿ ಎಷ್ಟು ಪಾಲು ಮಗನದು, ಎಷ್ಟು ಪಾಲು ತಾನು ತನ್ನ ತಂದೆಗೆ ಮಾಡಿದ ಅಥವಾ ತಂದೆಯಿಂದ ಪಡೆದ ನೋವಿನದು ಎಂಬುದನ್ನು ವಿವೇಚಿಸಿದವರು ವಿರಳ. ಬಿಜಾಪುರ, ರಾಯಚೂರು, ಧಾರವಾಡದ ಕಡೆಯಿಂದಲೂ, ಉಡುಪಿಯ ಸೀಮೆಯಿಂದಲೂ, ಕುಂಭಕೋಣದ ಕಡೆಯಿಂದಲೂ ಊರು ಬಿಟ್ಟು ಬಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿದ ತಲೆಮಾರನ್ನು ಕುರಿತು ಯೋಚಿಸಿರಿ. ಅಗ್ರಹಾರದಲ್ಲಿ ವೃದ್ಧ ತಂದೆತಾಯಿಗಳನ್ನು ಬಿಟ್ಟು, ಕಾರ್ಖಾನೆಯ ಪಾಳಿಗೂ ಕಚೇರಿಯ ಕೆಲಸಕ್ಕೂ ಒಗ್ಗಿಕೊಂಡು, ಸಂಧ್ಯಾವಂದನೆಯನ್ನು ಬಸ್ಸಿನ ವೇಳೆಗೆ ಹೊಂದಿಸಿಕೊಂಡು ಬದುಕಿದವರು ಅವರು. ಆ ದಿನ ಅವರ ತಂದೆಯೂ ಮಗ ಕೈತಪ್ಪಿ ಹೋದನೆಂದೇ ನೊಂದಿರಬೇಕು. ಇಂದು ಅವರ ಮಗನು ಕ್ಯಾಲಿಫೋರ್ನಿಯಾದಲ್ಲಿಯೋ ಲಂಡನ್ನಿನಲ್ಲಿಯೋ ಇದ್ದಾನೆ. ಬೇರೆ ಆಚಾರದ, ಬೇರೆ ಭಾಷೆಯ ಮನೆಯಿಂದ ಹೆಂಡತಿಯನ್ನು ತಂದಿದ್ದಾನೆ. ಮೊಮ್ಮಕ್ಕಳಿಗೆ ಕನ್ನಡ ಬಾರದು. ದೂರ ಹೆಚ್ಚಾಗಿದೆ, ನಿಜ. ಆದರೆ ಮೊದಲ ಹೆಜ್ಜೆ ಇಟ್ಟವರು ಯಾರೆಂಬ ಪ್ರಶ್ನೆಯನ್ನು ತಂದೆ ತನ್ನಲ್ಲಿಯೇ ಕೇಳಿಕೊಂಡರೆ ನಾಲಿಗೆಯ ಬಿರುಸು ಅರ್ಧ ಕಡಿಮೆಯಾಗುತ್ತದೆ.

ಬಚ್ಚಿಟ್ಟ ಮಾತು ಮತ್ತು ಕಾದಿಟ್ಟ ಮಾತು

ಇನ್ನು ಗುಟ್ಟಿನ ವಿಷಯ. ಭಾರತದಲ್ಲಿ ಪಾಂಡವರ ಮನೆಯ ಗುಟ್ಟುಗಳಲ್ಲಿ ಎರಡು ಮುಖ್ಯವಾದವು. ಒಂದು ಕುಂತಿಯದು, ಮತ್ತೊಂದು ಉಲೂಪಿಯದು. ಕರ್ಣನು ತನ್ನ ಮಗನೆಂಬುದನ್ನು ಕುಂತಿಯು ಪಾಂಡವರಿಗೆ ತಿಳಿಸಿದ್ದು ಯಾವಾಗ? ಯುದ್ಧವೆಲ್ಲ ಮುಗಿದು, ಗಂಗೆಯಲ್ಲಿ ನಿಂತು ಸತ್ತವರಿಗೆ ಜಲಾಂಜಲಿ ಕೊಡುವ ಹೊತ್ತಿನಲ್ಲಿ. ನಿಮ್ಮ ಅಣ್ಣನಿಗೂ ನೀರು ಬಿಡಿರಿ ಎಂದು ಆಕೆ ಹೇಳಬೇಕಾಯಿತು. ಧರ್ಮರಾಜನಿಗೆ ರಾಜ್ಯವೇ ಬೇಡವೆನ್ನುವಷ್ಟು ವ್ಯಥೆಯಾಯಿತು. ಶಾಂತಿಪರ್ವದ ಆರಂಭದಲ್ಲಿ, ಹೆಂಗಸರಲ್ಲಿ ಗುಟ್ಟು ನಿಲ್ಲದಿರಲೆಂದು ಆತನು ಶಪಿಸಿದನೆಂಬ ಪ್ರಸಿದ್ಧ ಮಾತು ಬರುತ್ತದೆ. ಜನರು ಅದನ್ನು ಹಾಸ್ಯಕ್ಕೆ ಬಳಸುತ್ತಾರೆ. ಆದರೆ ಅದು ಅಣ್ಣನನ್ನು ಅಣ್ಣನೆಂದು ಅರಿಯದೆ ಕೊಲ್ಲಿಸಿದವನ ಎದೆಯಿಂದ ಬಂದ ಕೂಗು.

ಕುಂತೀದೇವಿಯ ಮೇಲೆ ದೋಷ ಹೊರಿಸುವುದು ನಮ್ಮ ಉದ್ದೇಶವಲ್ಲ. ಆ ಮಹಾತಾಯಿಯ ಸಂಕಟವೂ ಭಗವಂತನ ಸಂಕಲ್ಪವೂ ನಮ್ಮ ಅಳತೆಗೆ ಸಿಕ್ಕುವಂಥವಲ್ಲ. ಆದರೆ ಮನ್ವಾದಿ ಅರ್ಥದಲ್ಲಿ ವಿಚಾರಿಸುವವರಿಗೆ ಇಲ್ಲೊಂದು ಸೂತ್ರ ದೊರೆಯುತ್ತದೆ. ಕುಂತಿಯ ಗುಟ್ಟು ಕುಲದ ಮಾನವನ್ನು ಕಾಯಲು ಬಚ್ಚಿಟ್ಟದ್ದು. ಅದು ತಿಳಿಯಬೇಕಾದವರಿಗೆ ತಿಳಿದಾಗ ಮಾಡಬಹುದಾದ ಕೆಲಸ ಒಂದೇ ಉಳಿದಿತ್ತು, ತರ್ಪಣ. ಉಲೂಪಿಯ ಗುಟ್ಟು ಮತ್ತೊಬ್ಬನ ಉದ್ಧಾರಕ್ಕಾಗಿ ಕಾದಿಟ್ಟದ್ದು. ಕಾರ್ಯ ಮುಗಿದ ಕ್ಷಣವೇ, ಕೇಳಿದೊಡನೆಯೇ, ಗಂಡ, ಸವತಿ, ಮಗ ಮೂವರ ಎದುರಿಗೇ ಆಕೆ ಅದನ್ನು ಬಿಚ್ಚಿಟ್ಟಳು. ತನ್ನನ್ನು ಪತಿಘಾತಿನಿಯೆಂದು ಜಗತ್ತು ಕರೆಯುವ ಅಪವಾದವನ್ನೂ ಅಷ್ಟು ಹೊತ್ತು ತಾನೇ ಹೊತ್ತಳು. ಮೌನದಿಂದ ಬರುವ ನೋವನ್ನು ತಾನೇ ಸಹಿಸುವವನ ಗುಟ್ಟು ಬೇರೆ. ಆ ನೋವನ್ನು ಮಕ್ಕಳ ಮೇಲೆ ಹೊರಿಸುವವನ ಗುಟ್ಟು ಬೇರೆ.

ಗುಟ್ಟನ್ನು ಹೇಳುವ ರೀತಿಗೆ ಛಾಂದೋಗ್ಯೋಪನಿಷತ್ತಿನ ಜಬಾಲೆಯೇ ಆದರ್ಶಳು. ಬ್ರಹ್ಮಚರ್ಯಕ್ಕೆ ಹೊರಟ ಮಗ ಸತ್ಯಕಾಮನು ಗೋತ್ರವನ್ನು ಕೇಳಿದಾಗ, ಯೌವನದಲ್ಲಿ ಪರಿಚರ್ಯೆಯಲ್ಲಿಯೇ ನಿರತಳಾಗಿದ್ದುದರಿಂದ ಅದನ್ನು ತಾನರಿಯೆನೆಂದೂ, ತನ್ನ ಹೆಸರಿನಿಂದಲೇ ತನ್ನನ್ನು ಹೇಳಿಕೊಳ್ಳಬೇಕೆಂದೂ ಆಕೆ ನೇರವಾಗಿ ತಿಳಿಸಿದಳು. ಅಳಲಿಲ್ಲ, ಗದರಲಿಲ್ಲ, ಕಲ್ಪಿಸಿದ ಹೆಸರೊಂದನ್ನು ಹೇಳಿ ಕಳುಹಿಸಲಿಲ್ಲ. ಬಾಲಕನು ಕೇಳಿದ್ದನ್ನು ಕೇಳಿದಂತೆಯೇ ಹಾರಿದ್ರುಮತ ಗೌತಮರ ಮುಂದೆ ನಿವೇದಿಸಿದನು. ಸತ್ಯದಿಂದ ಜಾರಲಿಲ್ಲವೆಂಬ ಒಂದೇ ಕಾರಣಕ್ಕೆ ಅವರು ಅವನಿಗೆ ಉಪನಯನ ಮಾಡಿ, ನಾನೂರು ಬಡಕಲು ಹಸುಗಳನ್ನು ಒಪ್ಪಿಸಿದರು. ಅವು ಸಾವಿರವಾಗುವವರೆಗೆ ಕಾದು ಆತನು ಬ್ರಹ್ಮವಿದ್ಯೆಯನ್ನು ಪಡೆದನು. ತಾಯಿ ಮುಚ್ಚಿಟ್ಟಿದ್ದರೆ ಆ ಮಗನಿಗೆ ಗುರುವಿನ ಬಾಗಿಲು ತೆರೆಯುತ್ತಿತ್ತೆ?

ನಮ್ಮ ಮನೆಗಳಲ್ಲಿಯೂ ದತ್ತು ಬಂದ ಮಗುವಿಗೆ ಆ ವಿಷಯ ತಿಳಿಸಿರುವುದಿಲ್ಲ. ತಾತನ ಮೊದಲ ಹೆಂಡತಿಯ ಮಕ್ಕಳು ಯಾವುದೋ ಊರಿನಲ್ಲಿ ಬದುಕಿರುತ್ತಾರೆ, ಹೆಸರೆತ್ತುವಂತಿಲ್ಲ. ಬೇರೆ ಜಾತಿಯಲ್ಲಿ ಮದುವೆಯಾದ ಅತ್ತೆಯೊಬ್ಬಳ ಭಾವಚಿತ್ರ ಗೋಡೆಯಿಂದ ಇಳಿದು ಪೆಟ್ಟಿಗೆಯ ತಳ ಸೇರಿರುತ್ತದೆ. ಮಗನು ತನ್ನ ಇಚ್ಛೆಯಂತೆ ಮದುವೆಯಾದಾಗ, ನಮ್ಮ ವಂಶದಲ್ಲಿ ಇಂಥದ್ದು ನಡೆದೇ ಇಲ್ಲವೆಂದು ತಂದೆ ಗುಡುಗುತ್ತಾನೆ. ಎಷ್ಟೋ ವರ್ಷಗಳ ಮೇಲೆ ಆ ಭಾವಚಿತ್ರ ಮಗನ ಕೈಗೆ ಸಿಕ್ಕಿದರೆ, ಅವನಿಗೆ ನೋವಾಗುವುದು ಅತ್ತೆಯ ಮದುವೆಯಿಂದಲ್ಲ, ತಂದೆಯ ಅಸತ್ಯದಿಂದ. ವಂಶದ ಮಾನವನ್ನು ಕಾಯುತ್ತೇವೆಂದು ಹೊರಟವರು ವಂಶದ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಹಾಗೆಂದು ಎಲ್ಲವನ್ನೂ ಬೀದಿಯಲ್ಲಿ ನಿಂತು ಸಾರಬೇಕೆಂದಲ್ಲ. ಉಲೂಪಿಯು ಊರಿಗೆ ಡಂಗುರ ಹೊಡೆಸಲಿಲ್ಲ. ಸಂಬಂಧಪಟ್ಟವರ ಎದುರಿಗೆ, ತಕ್ಕ ಕಾಲದಲ್ಲಿ ಹೇಳಿದಳು. ಆದುದರಿಂದ ಗುಟ್ಟನ್ನು ಇಟ್ಟುಕೊಂಡಿರುವ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಈ ಮೌನದಿಂದ ರಕ್ಷಿತನಾಗುವವನು ಯಾರು, ನಾನೋ ಅಥವಾ ಮಗುವೋ? ಇದನ್ನು ತಿಳಿಯದಿರುವುದರಿಂದ ಯಾರಾದರೂ ತಪ್ಪು ಹೆಜ್ಜೆ ಇಡುವ ಸಂಭವವಿದೆಯೆ? ನಾನು ಹೇಳದೆಯೇ ಕಣ್ಣುಮುಚ್ಚಿದರೆ ಇದು ಅವರಿಗೆ ಯಾರ ಬಾಯಿಂದ, ಯಾವ ರೂಪದಲ್ಲಿ ತಿಳಿಯಬಹುದು? ಮೂರಕ್ಕೂ ಪ್ರಾಮಾಣಿಕವಾದ ಉತ್ತರ ದೊರೆತರೆ ಹೇಳಬೇಕೋ ಬೇಡವೋ ಎಂಬುದು ತಾನಾಗಿಯೇ ನಿರ್ಣಯವಾಗುತ್ತದೆ.

ಶ್ರೀಮದಾಚಾರ್ಯರ ಮನೆಯಲ್ಲಿ

ತಂದೆ ಮತ್ತು ಮಗನ ದಾರಿ ಬೇರೆಯಾದಾಗ ಏನು ಮಾಡಬೇಕೆಂಬುದಕ್ಕೆ ನಮ್ಮ ಸಂಪ್ರದಾಯದ ಮೂಲದಲ್ಲಿಯೇ ದೃಷ್ಟಾಂತವಿದೆ. ಸುಮಧ್ವವಿಜಯದ ನಾಲ್ಕನೆಯ ಸರ್ಗವನ್ನು ಪಾರಾಯಣ ಮಾಡುವವರು ಅದನ್ನು ಬಲ್ಲರು. ಪಾಜಕದ ಮಧ್ಯಗೇಹ ಭಟ್ಟರಿಗೆ ವಾಸುದೇವನು ಬಹುಕಾಲದ ವ್ರತದ ಫಲವಾಗಿ ದೊರೆತ ಮಗ. ಅವನು ಸಂನ್ಯಾಸಕ್ಕೆ ಹೊರಟಾಗ ತಂದೆಯು ತಡೆದರು, ಬೇಡಿದರು, ಕೊನೆಗೆ ಮಗನ ಕಾಲಿಗೇ ಎರಗಿದರು. ಹಿರಿಯರು ಕಿರಿಯರಿಗೆ ನಮಸ್ಕರಿಸುವುದು ಯತಿಗಳಿಗೆ ಮಾತ್ರ, ಆದುದರಿಂದ ಇದು ಭಗವಂತನೇ ಕೊಡಿಸಿದ ಅನುಮತಿಯೆಂದು ಮಗನು ಗ್ರಹಿಸಿದನು. ಆದರೂ ತಂದೆತಾಯಿಗಳನ್ನು ನಿರಾಧಾರವಾಗಿ ಬಿಟ್ಟುಹೋಗಲಿಲ್ಲ. ಮನೆತನವನ್ನು ನಡೆಸುವ ತಮ್ಮನೊಬ್ಬನು ಹುಟ್ಟುವವರೆಗೆ ಕಾದನು. ಆಮೇಲೆ ತಾಯಿಯ ಒಪ್ಪಿಗೆಯನ್ನೂ ಪಡೆದೇ ಆಶ್ರಮ ಸ್ವೀಕರಿಸಿದನು. ಆ ತಮ್ಮನೂ ತಂದೆತಾಯಿಗಳ ಕಾಲಾನಂತರ ಸಂನ್ಯಾಸ ಪಡೆದು ಶ್ರೀವಿಷ್ಣುತೀರ್ಥರೆಂದು ಪ್ರಸಿದ್ಧರಾದರು.

ತಂದೆಯ ಇಚ್ಛೆಗೆ ವಿರುದ್ಧವಾದ ದಾರಿಯಲ್ಲಿ ಹೋಗುವ ಮಕ್ಕಳು ಈ ಭಾಗವನ್ನು ಓದಬೇಕು. ವಾಯುದೇವರ ಅವತಾರವೆನಿಸಿದ ಮಹಾತ್ಮರೇ ಕಾದರು, ಕೇಳಿದರು, ಒಪ್ಪಿಸಿದರು. ಮಿಂಚಂಚೆಯಲ್ಲಿ ಎರಡು ಸಾಲು ಬರೆದು, ಮದುವೆಯಾಯಿತೆಂದು ತಿಳಿಸಿಬಿಡುವ ಮಗನು ತನ್ನ ಸ್ವಾತಂತ್ರ್ಯವನ್ನು ಸ್ಥಾಪಿಸಿರಬಹುದು. ಮಗನ ಧರ್ಮವನ್ನು ಪಾಲಿಸಿದನೆನ್ನಲಾಗದು. ಬಭ್ರುವಾಹನನಾದರೂ ಅಷ್ಟು ವರ್ಷ ಕಾಣದಿದ್ದ ತಂದೆಯನ್ನು ಮೊದಲು ಎದುರುಗೊಂಡುದು ಬಿಲ್ಲಿನಿಂದಲ್ಲ, ಕಾಣಿಕೆಯಿಂದ.

ಸಮಾಧಾನದ ರೀತಿ

ಕಥೆಯ ಕೊನೆಯನ್ನು ಅನೇಕರು ಗಮನಿಸುವುದಿಲ್ಲ. ಎಲ್ಲವೂ ತಿಳಿಯಾದ ಮೇಲೆ ಮಗನು ತಂದೆಯನ್ನು, ಇಂದಿನ ರಾತ್ರಿಯಾದರೂ ಪತ್ನಿಯರೊಡನೆ ನಿನ್ನದೇ ಆದ ಈ ಪುರದಲ್ಲಿ ತಂಗು ಎಂದು ಬೇಡಿಕೊಂಡನು. ಅರ್ಜುನನು ಒಪ್ಪಲಿಲ್ಲ. ಕುದುರೆ ಹೋದಲ್ಲಿಗೆ ಹೋಗಬೇಕೆಂಬ ದೀಕ್ಷೆಯಲ್ಲಿದ್ದನಾದ್ದರಿಂದ ಪುರಪ್ರವೇಶ ಮಾಡುವಂತಿಲ್ಲವೆಂದನು. ಆದರೆ ಚೈತ್ರದ ಹುಣ್ಣಿಮೆಗೆ ನಡೆಯುವ ಯಜ್ಞಕ್ಕೆ ತಾಯಂದಿರೊಡನೆ ಬಾ ಎಂದು ಕರೆದನು. ಬಭ್ರುವಾಹನನು ಹಸ್ತಿನಾವತಿಗೆ ಹೋದನು. ಕುಂತಿಯ ಪಾದಕ್ಕೆರಗಿದನು. ಚಿತ್ರಾಂಗದೆ, ಉಲೂಪಿಯರನ್ನು ದ್ರೌಪದಿ, ಸುಭದ್ರೆಯರು ಬರಮಾಡಿಕೊಂಡರು. ಸಾಕ್ಷಾತ್ ಶ್ರೀಕೃಷ್ಣಪರಮಾತ್ಮನು ಅವನಿಗೆ ದಿವ್ಯಾಶ್ವಗಳನ್ನು ಹೂಡಿದ ಸುವರ್ಣರಥವನ್ನು ಅನುಗ್ರಹಿಸಿದನು. ಅನಂತರ ಅವನು ತನ್ನ ರಾಜ್ಯಕ್ಕೆ ಮರಳಿದನು.

ಇಲ್ಲಿ ಎರಡು ತತ್ತ್ವಗಳಿವೆ. ಮೊದಲನೆಯದು, ತಂದೆಯು ತನ್ನ ವ್ರತವನ್ನು ಬಿಡಲಿಲ್ಲ. ವ್ರತದ ಹೆಸರಿನಲ್ಲಿ ಮಗನನ್ನೂ ಬಿಡಲಿಲ್ಲ. ಮಡಿ, ಏಕಾದಶಿ, ದೇವಪೂಜೆಯ ನಿಯಮಗಳನ್ನು ಬಿಟ್ಟುಕೊಟ್ಟರೇ ಮಗನೊಡನೆ ಸೌಹಾರ್ದವೆಂದು ಭಾವಿಸುವವರೂ ತಪ್ಪಿದವರೇ. ಈ ನಿಯಮಗಳಿರುವುದರಿಂದ ಮಗನೂ ಸೊಸೆಯೂ ಮನೆಯ ಹೊಸ್ತಿಲು ತುಳಿಯಕೂಡದೆನ್ನುವವರೂ ತಪ್ಪಿದವರೇ. ನಾನು ಇದನ್ನು ಬಿಡಲಾರೆ, ಆದರೆ ಉತ್ಸವಕ್ಕೆ ನೀವೆಲ್ಲರೂ ಬನ್ನಿ ಎಂದು ಹೇಳಲು ಯಾವ ಶಾಸ್ತ್ರ ಅಡ್ಡಬರುತ್ತದೆ? ಎರಡನೆಯದು, ಸಮಾಧಾನವಾಯಿತೆಂದರೆ ಒಂದೇ ಸೂರಿನಡಿ ಬಾಳಲೇಬೇಕೆಂದಿಲ್ಲ. ಬಭ್ರುವಾಹನನು ಮಣಿಪುರದ ಅರಸನಾಗಿಯೇ ಉಳಿದನು, ಅರ್ಜುನನ ಮಗನೂ ಆದನು. ಅಂತರ ಅಳಿಯಲಿಲ್ಲ, ವೈರ ಅಳಿಯಿತು.

ಈ ಪಿತೃಪಕ್ಷದಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತನ್ನ ಕಾಲಾನಂತರ ಮಗನು ಬಂದು ಶ್ರಾದ್ಧ ಮಾಡಬೇಕೆಂದು ಪ್ರತಿಯೊಬ್ಬ ತಂದೆಯೂ ಬಯಸುತ್ತಾನೆ. ಅಂದು ಸಾವಿರಾರು ಮೈಲಿ ದಾಟಿ ಬರಲೆಂದು ಬಯಸುವ ಮಗನನ್ನು ಇಂದು, ಬಾಯಲ್ಲಿ ಮಾತು ಇರುವಾಗಲೇ, ಕರೆಯಬಾರದೇಕೆ? ದೂರವಾಣಿಯ ಬಳಿ ಕೈಹೋಗಿ ಹಿಂದೆ ಬರುವ ಆ ಸಂಕೋಚವೇ ಮಣಿಪುರದ ಗಡಿ. ಅದನ್ನು ಯಾರು ಮೊದಲು ದಾಟಬೇಕೆಂದು ಎಣಿಸುತ್ತ ಕುಳಿತರೆ ಆಯುಸ್ಸು ಮುಗಿಯುತ್ತದೆ. ಮಗನಾದವನೂ ಅಷ್ಟೇ. ತಂದೆಯ ಮೂದಲಿಕೆಯ ಹಿಂದೆ ತನಗೆ ತಿಳಿಯದ ಯಾವ ಋಣದ ಭಾರವಿದೆಯೋ ಎಂದು ಒಂದು ಕ್ಷಣ ತಾಳಲಿ. ಹೇಳಬೇಕಾದ ಗುಟ್ಟಿದ್ದರೆ ತಂದೆಯೇ ತನ್ನ ಬಾಯಿಂದ ಹೇಳಲಿ. ಎಳ್ಳುನೀರಿನ ಹೊತ್ತಿಗೆ ಉಳಿಸದಿರಲಿ. ಗಂಗೆಯಲ್ಲಿ ನಿಂತು ಕೇಳಿದ ಧರ್ಮರಾಜನಿಗೆ ಉಳಿದದ್ದು ಕಣ್ಣೀರು ಮಾತ್ರ. ಮಣಿಪುರದಲ್ಲಿ ಕೇಳಿದ ಅರ್ಜುನನಿಗೆ ಮಗನು ಉಳಿದನು.

ತಂದೆಯಲ್ಲಿ ಪ್ರದ್ಯುಮ್ನರೂಪದಿಂದ ನಿಂತಿರುವ ಸ್ವಾಮಿಯೇ ಮಗನ ಹೃದಯದಲ್ಲಿಯೂ ಬಿಂಬರೂಪಿಯಾಗಿ ನಿಂತಿದ್ದಾನೆ. ನಮಗೆ ಬೇ‌ರೆ ಬೇರೆಯಾಗಿ ಕಾಣುವ ಮನೆಗಳೆರಡರಲ್ಲಿಯೂ ಯಜಮಾನನು ಅವನೊಬ್ಬನೇ. ಅಗಲಿದ ಮನಸ್ಸುಗಳನ್ನು ಕೂಡಿಸುವ ಸಂಜೀವನಮಣಿ ಅವನ ಸ್ಮರಣೆಯಲ್ಲದೆ ಬೇರೆಯಿಲ್ಲ. ಆ ಮಣಿಯನ್ನು ಎದೆಯ ಮೇಲಿಡುವ ಕೈ ನಮ್ಮದಾಗಲಿ ಎಂದು ಶ್ರೀಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನಲ್ಲಿ ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು